ಅರ್ಲೀನ್ ಬರೆದ ‘ಅದ್ಭುತ ವರ್ಷ’

ಡಿಸೆಂಬರ್ ಬಂತೆಂದರೆ ನಮ್ಮ ಸಸ್ಕಟೂನ್ ಊರಿನಲ್ಲಿ ಎಂಜಿನ್ ಬೆಚ್ಚಗಿರಲೆಂದು ಕಾರಿಗೂ ಕರೆಂಟಿನ ವೈರು ಚುಚ್ಚಿ ಮಲಗಿಸಬೇಕು. ಇಲ್ಲವಾದರೆ ಆ ಚಳಿಗೆ ಬೆಳಿಗ್ಗೆ ಅದು ಏಳುವುದಿಲ್ಲ. ತನಗೂ ಅಂಥದೊಂದು ವೈರು ಇದ್ದಿದ್ದರೆ ಎಂದು ಆ ವರ್ಷ ಅರ್ಲೀನ್ ಸವಚುಕ್‌ಗೆ ದಿನಾ ಅನ್ನಿಸುತ್ತಿತ್ತು. ಐವತ್ತಾರರ ಹೆಂಗಸು. ಹಗಲೆಲ್ಲ ಶಾಲಾ ಮಂಡಳಿಗೆ ಪ್ರಕಟಣೆ ಬರೆಯುವ ಕೆಲಸ; ಉಳಿದ ಹೊತ್ತಿನಲ್ಲಿ ಊರಿನ ಸಂವಹನಕಾರರ ಸಂಘದ ಅಧ್ಯಕ್ಷೆ. ಕಂಪನಿ, ಆಸ್ಪತ್ರೆ, ಸರ್ಕಾರಿ ಕಚೇರಿಗಳ ಪರವಾಗಿ ಜನರಿಗೆ ವಿಷಯ ಮುಟ್ಟಿಸುವುದೇ ಕಸುಬಾದ ನಮ್ಮಂಥ ಅರವತ್ತೆಂಟು ಮಂದಿಯ ಕೂಟ ಅದು.

ಅಧ್ಯಕ್ಷಗಿರಿ ಒಂದು ವರ್ಷದ್ದು. ಅರ್ಲೀನ್‌ಗೆ ಅದು ನಾಲ್ಕನೆಯ ವರ್ಷ. ‘ಮುಂದೆ ಯಾರು?’ ಎಂದು ಕೇಳಿದ ಕೂಡಲೇ ನಮಗೆಲ್ಲ ಫೋನಿನಲ್ಲಿ ಏನೋ ತುರ್ತು ಕಾಣಿಸಿಕೊಳ್ಳುತ್ತಿತ್ತು. ಕಾರ್ಯದರ್ಶಿ ಬೇರೆ ಊರಿಗೆ ಹೋದಳು, ಕಾರ್ಯಕ್ರಮ ನೋಡುವವನಿಗೆ ಅವಳಿ ಮಕ್ಕಳಾದವು. ಆ ಕೆಲಸಗಳೂ ಇವಳ ಹೆಗಲೇರಿದವು. ಶರತ್ಕಾಲದಲ್ಲಿ ಸಂಘದ ಕೇಂದ್ರ ಕಚೇರಿಯಿಂದ ಕಾಗದ ಬಂತು: ಡಿಸೆಂಬರಿನ ವಾರ್ಷಿಕ ಸಭೆಯೊಳಗೆ ನಾಲ್ವರು ಹೊಸ ಪದಾಧಿಕಾರಿಗಳು ಸಿಗದಿದ್ದರೆ ನಮ್ಮ ಊರಿನ ಶಾಖೆ ಬಂದ್.

ಮುಚ್ಚಿಹೋಗಲಿ ಎನ್ನಬಹುದಿತ್ತು. ಆದರೆ ಹತ್ತೊಂಬತ್ತು ವರ್ಷದ ಹಿಂದೆ ಗಂಡ ಓರೆಸ್ಟ್ ತೀರಿಕೊಂಡಾಗ ಆರು ವಾರ ಅವಳ ಮನೆಗೆ ಊಟ ತಂದಿಟ್ಟವರು ಈ ಸಂಘದವರೇ. ಆಗಿನ ಅಧ್ಯಕ್ಷೆ ಟ್ರೂಡಿ, “ಬಾ ಹುಡುಗಿ, ಅತ್ತುಕೊಂಡೇ ಬಾ, ಹೆಸರಿನ ಬಿಲ್ಲೆ ಜೋಡಿಸೋಕೆ ಜನ ಇಲ್ಲ” ಎಂದು ಕೈಹಿಡಿದು ಎಳೆದೊಯ್ದಿದ್ದಳು. ಅಂದಿನಿಂದ ಅರ್ಲೀನ್‌ಗೆ ಮನೆಯಾಚೆ ತನ್ನವರು ಅಂತ ಇದ್ದುದು ಇಲ್ಲಿ ಮಾತ್ರ.

ವರ್ಷದ ಕೊನೆಗೆ ಅಧ್ಯಕ್ಷರು ಎಲ್ಲ ಸದಸ್ಯರಿಗೂ ಒಂದು ಹಿನ್ನೋಟ ಬರೆಯುವುದು ನಮ್ಮ ಪದ್ಧತಿ. ಈ ಸಲ ಅರ್ಲೀನ್ ಮೂರೇ ಸಾಲು ಬರೆದಳು: ‘ಸಂಘ ಸಾಯುತ್ತಿದೆ. ನನ್ನ ಕೈಲಿ ಇನ್ನು ಆಗುವುದಿಲ್ಲ. ನಾಲ್ಕು ಜನ ಬೇಕು.’ ಇನ್ನೊಬ್ಬರು ಓದಿ ನೋಡದೆ ಏನನ್ನೂ ಹೊರಗೆ ಬಿಡದಿರುವುದೂ ನಮ್ಮ ಪದ್ಧತಿಯೇ. ಆದ್ದರಿಂದ ಅದನ್ನು ಇಪ್ಪತ್ತು ವರ್ಷ ಆಸ್ಪತ್ರೆಯ ವಕ್ತಾರನಾಗಿದ್ದ ಗ್ಲೆನ್ ಪೆನ್ನರ್‌ಗೆ ಕಳಿಸಿದಳು. ಅವನು ಆ ಕ್ಷಣವೇ ಫೋನು ಮಾಡಿದ.

“ಅರ್ಲೀನ್, ‘ಸಾಯುತ್ತಿದೆ’ ಅಂತ ಬರೀತಾರೇನೇ? ಆಸ್ಪತ್ರೇಲೇ ನಾವು ಆ ಮಾತು ಆಡ್ತಿರಲಿಲ್ಲ.”

“ಸಾಯ್ತಿರೋದು ನಿಜ ತಾನೆ?”

“ನಿಜಾನೇ. ಓದೋಕೆ ಚೆನ್ನಾಗಿಲ್ಲ. ‘ಮಹತ್ವದ ತಿರುವಿನಲ್ಲಿದೆ’ ಅನ್ನು.”

“ಹಾಗಾದ್ರೆ ನೀನೇ ಅಧ್ಯಕ್ಷ ಆಗಿಬಿಡು.”

“ನನಗೆ ಮೊಣಕಾಲು ನೋವು ಕಣೇ.”

“ಅಧ್ಯಕ್ಷರು ಓಡಬೇಕಾಗಿಲ್ಲ ಗ್ಲೆನ್.”

“‘ತಿರುವು’ ಅಂತ ಹಾಕು, ಮರೀಬೇಡ,” ಎಂದು ಅವನು ಫೋನು ಇಟ್ಟ.

ಒಂದು ಪದ ಬದಲಾದ ಮೇಲೆ ಅದರ ಪಕ್ಕದ ಪದ ಒರಟಾಗಿ ಕಂಡಿತು. ಮೂವತ್ತು ವರ್ಷ ಕೆಟ್ಟ ಸುದ್ದಿಗೆ ಪೌಡರು ಬಳಿದ ಅವಳ ಕೈ, ತಡೆದರೂ ನಿಲ್ಲಲಿಲ್ಲ. ‘ನನ್ನ ಕೈಲಿ ಆಗುವುದಿಲ್ಲ’ ಎಂಬುದು ‘ಹೊಸ ನಾಯಕತ್ವಕ್ಕೆ ಹಾದಿ ತೆರೆದಿದೆ’ ಆಯಿತು. ‘ನಾಲ್ಕು ಜನ ಬೇಕು’ ಎಂಬುದು ಐದನೆಯ ಪ್ಯಾರಾಕ್ಕೆ ಇಳಿಯಿತು. ತಲೆಬರಹ: ‘ಒಂದು ಅದ್ಭುತ ವರ್ಷ.’

ಕಳಿಸಿದಳು. ನಲವತ್ತೊಂದು ಉತ್ತರ ಬಂದವು. ‘ಭಲೇ ಅರ್ಲೀನ್!’ ‘ನೀನಿರುವಾಗ ನಮಗೇನು ಚಿಂತೆ!’ ನಾನೂ ಒಂದು ಚಪ್ಪಾಳೆಯ ಚಿತ್ರ ಕಳಿಸಿದ್ದೆ. ಐದನೆಯ ಪ್ಯಾರಾದವರೆಗೆ ಹೋಗಿರಲಿಲ್ಲ. ಅವಳು ಪರದೆಯ ಮುಂದೆ ಕೂತು ಎಲ್ಲವನ್ನೂ ಎರಡೆರಡು ಸಲ ಓದಿದಳು. ಪದಾಧಿಕಾರಿಯಾಗುತ್ತೇನೆ ಎಂದವರು ಒಬ್ಬರೂ ಇರಲಿಲ್ಲ. ಆಮೇಲೆ ಹನ್ನೊಂದು ಮಂದಿಗೆ ತಾನೇ ಫೋನು ಮಾಡಿದಳು. ಹನ್ನೊಂದು ಮಂದಿಯೂ “ಕ್ರಿಸ್‌ಮಸ್ ಹಬ್ಬ ಕಳೀಲಿ, ನೋಡೋಣ” ಎಂದರು. ಹಬ್ಬ ಕಳೆಯುವಷ್ಟರಲ್ಲಿ ಸಂಘವೇ ಇರುವುದಿಲ್ಲವೆಂದು ಬಾಯಿಬಿಟ್ಟು ಹೇಳದೆ, ಅವಳು ಹಬ್ಬದ ಶುಭಾಶಯ ಹೇಳಿ ಫೋನು ಇಟ್ಟಳು.

ಶನಿವಾರ ಮಧ್ಯಾಹ್ನ ವಾರ್ಷಿಕ ಸಭೆಗೆಂದು ಗ್ರಂಥಾಲಯದ ಕೋಣೆಗೆ ಏಳು ಜನ ಬಂದೆವು. ಎಪ್ಪತ್ತೆಂಟರ ಟ್ರೂಡಿ ಕೇಕು ತಂದಿದ್ದಳು. ಮೇಲೆ ಕ್ರೀಮಿನಲ್ಲಿ ‘ಅದ್ಭುತ ವರ್ಷ’ ಎಂದು ಬರೆಸಿದ್ದಳು. ಅರ್ಲೀನ್ ಅದನ್ನು ನೋಡಿ, ಮೇಜು ಹಿಡಿದುಕೊಂಡು ನಿಂತಳು.

“ಅದ್ಭುತ ಏನೂ ಇಲ್ಲ. ಇವತ್ತು ನಾಲ್ಕು ಜನ ಕೈ ಎತ್ತದಿದ್ರೆ ಸಂಘ ಮುಚ್ಚುತ್ತೆ. ನಾನು ಸುಸ್ತಾಗಿದ್ದೀನಿ. ಆದ್ರೆ ಇದು ಮುಚ್ಚಿದ್ರೆ ನಾನು ಎಲ್ಲಿಗೆ ಹೋಗ್ಲಿ? ದಯವಿಟ್ಟು...”

ನಾನು ನನ್ನ ಬೂಟಿನ ಲಾಡಿ ನೋಡಿಕೊಂಡೆ.

“ಇದನ್ನ ಮೊದಲೇ ಯಾಕೆ ಹೇಳಲಿಲ್ಲ ಹುಡುಗಿ?” ಎಂದಳು ಟ್ರೂಡಿ.

“ಬರೆದಿದ್ದೆ.”

ಗ್ಲೆನ್ ಕೈ ಎತ್ತಿದ. “ಹಾಗಾದ್ರೆ ಮುಚ್ಚೋದನ್ನ ಸದಸ್ಯರಿಗೆ ತಿಳಿಸಬೇಕಲ್ಲ. ಪ್ರಕಟಣೆ ಚೆನ್ನಾಗಿರಬೇಕು. ಕರಡು ನಾನು ಮಾಡ್ತೀನಿ.”

“ತಿದ್ದೋದು ನನಗಿರಲಿ,” ಎಂದು ಒಬ್ಬಳು ಕೈ ಎತ್ತಿದಳು. “ತಲೆಬರಹ ನಾನು ನೋಡ್ಕೋತೀನಿ,” ಇನ್ನೊಬ್ಬ. ನನ್ನ ಕೈಯೂ ಎದ್ದಿತ್ತೆಂದು ಹೇಳಲು ನಾಚಿಕೆಯಾಗುತ್ತದೆ.

ನಾಲ್ಕು ಕೈ. ಅರ್ಲೀನ್ ಒಂದೊಂದನ್ನೂ ನೋಡಿದಳು. ವರ್ಷವಿಡೀ ಅವಳು ಹುಡುಕಿದ್ದು ಅಷ್ಟನ್ನೇ.

ಎರಡು ಗಂಟೆ ಕೂತು ತಿದ್ದಿದೆವು. ಯಾರಿಗೂ ಮನೆಗೆ ಹೋಗುವ ಅವಸರವಿರಲಿಲ್ಲ. ಅಂಥ ಹುರುಪಿನ ಸಭೆ ನಮ್ಮಲ್ಲಿ ಎಷ್ಟೋ ವರ್ಷದಿಂದ ನಡೆದಿರಲಿಲ್ಲ. ಕೊನೆಗೆ ಗ್ಲೆನ್ ಕೇಳಿದ: “ಅರ್ಲೀನ್, ಕೆಳಗೆ ನಿನ್ನ ಹೆಸರಿನ ಮುಂದೆ ಏನು ಹಾಕೋಣ? ಮಾಜಿ ಅಧ್ಯಕ್ಷೆ ಅಂತಾನಾ?”

ಅವಳು ಕೋಣೆಯ ಮೂಲೆಯ ಸಿಂಕಿನ ಬಳಿ ನಮ್ಮೆಲ್ಲರ ಕಾಫಿ ಕಪ್ಪು ತೊಳೆಯುತ್ತಿದ್ದಳು. ತಿರುಗಲಿಲ್ಲ.

“ಹೆಸರು ಸಾಕು,” ಎಂದಳು. ಕೈ ಒರೆಸಿಕೊಂಡು ಕೋಟು ಹಾಕಿಕೊಂಡಳು. ಯಾರೂ ಮುಟ್ಟದೆ ಉಳಿದಿದ್ದ ಕೇಕನ್ನು ಪೆಟ್ಟಿಗೆಗಿಟ್ಟು ಟ್ರೂಡಿಯ ಕೈಗೆ ಕೊಟ್ಟು, ಹೊರಗೆ ಚುಚ್ಚಿಟ್ಟಿದ್ದ ಕಾರಿನ ವೈರು ಬಿಚ್ಚಲು ಹೊರಟಳು.