ಕಾರ ಹುಣ್ಣಿಮಿಗೆ ಗಾಡಿಗೆ ಹಚ್ಚಿದ ಬಣ್ಣ

ನಾನು ಮೂರನೇ ಇಯತ್ತೆ ಇದ್ದಾಗಿನ ಮಾತು. ಆಗೆಲ್ಲ ಬೈಲಹೊಂಗಲದ ನಾಲ್ಕು ಓಣಿಗೆ ಬೆಳಗಾಗುತ್ತಿದ್ದದ್ದೇ ನಮ್ಮಪ್ಪನ ಮೋಟಾರ್ ಸೈಕಲ್ ಗಾಡಿಯ ಹಾರ್ನ್ ಕೇಳಿದ ಮೇಲೆ. ನಮ್ಮೂರು ದೊಡವಾಡದಿಂದ ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟರೆ, ರವಿವಾರ ಪೆಟ್ರೋಲ್ ಟಾಕಿ ಮೇಲೆ ನಾನೂ ಕೂರುತ್ತಿದ್ದೆ. ಹಾರ್ನ್ ಒತ್ತುವ ಹಕ್ಕು ನಂದು. ಪೀಂ ಪೀಂ ಅಂದರೆ ಸಾಕು, ಹೆಣ್ಣುಮಕ್ಕಳು ಪಾತೇಲಿ ಹಿಡಿದು ಬಾಗಿಲಿಗೆ ಬರುತ್ತಿದ್ದರು. ನನ್ನ ಜಂಬ ಏನು ಕೇಳ್ತೀರಿ!

ಆ ವರ್ಷ ಕಾರ ಹುಣ್ಣಿಮಿಗೆ ಮುತ್ಯಾ, ಅಂದರೆ ನಮ್ಮಜ್ಜ, ಎತ್ತಿನ ಮೈ ತೊಳೆದು ಕೋಡಿಗೆ ಕೆಂಪು ಬಣ್ಣ ಹಚ್ಚಿದ. ಅಪ್ಪನೂ ಗಾಡಿ ತೊಳೆಯಲು ಕುಂತ. ಬ್ಯಾಟರಿಗೆ ಕರೆಂಟ್ ತುಂಬುವ ಚಾರ್ಜಿಂಗ್ ಯುನಿಟ್ಟಿಗೆ ನೀರು ಹೋಗಬಾರದೆಂದು ಅದನ್ನು ಬಿಚ್ಚಿ ಮೇಲೆ ಕಟ್ಟಿದ್ದ. ಒಳಗಿಂದ ಹೋಳಿಗಿ ವಾಸನೆ ಬಂತು, ಎದ್ದು ಹೋದ. ಗಾಡಿ ಬಣ್ಣವಿಲ್ಲದೆ ಬೋಳಾಗಿ ನಿಂತಿತ್ತು. ದಿನಾ ದುಡಿಯೋ ಇದಕ್ಕ ಹಬ್ಬ ಬ್ಯಾಡೇನು? ಉಳಿದ ಬಣ್ಣ ತಂದು ಮಡ್‌ಗಾರ್ಡಿಗೆ ಬಳಿದೆ. ಇನ್ನೂ ಉಳಿದಿತ್ತು, ಒಳಗಿನ ಕಬ್ಬಿಣಕ್ಕೂ ಬಳಿದೆ. ಸಂಜಿ ಅಪ್ಪ ಕೆಂಪು ಮಡ್‌ಗಾರ್ಡ್ ನೋಡಿ ಹೊಟ್ಟೆ ಹಿಡಕೊಂಡು ನಕ್ಕ. ಒಳಗಿನದನ್ನು ಕತ್ತಲಲ್ಲಿ ನೋಡದೆ ಯುನಿಟ್ ಬಿಗಿದ.

ವಾರದೊಳಗೆ ಹಾರ್ನ್ ದನಿ ಕುಗ್ಗಿ ನಿಂತೇ ಹೋಯಿತು. ಬ್ಯಾಟರಿ ಚಾರ್ಜ್ ಮಾಡಿಸಿದರೆ ಎರಡು ದಿನ, ಹೊಸದು ಹಾಕಿಸಿದರೆ ನಾಲ್ಕು ದಿನ. ಅಪ್ಪ ಬಂದದ್ದು ಓಣಿಯವರಿಗೆ ತಿಳಿಯದೆ ಹಾಲು ಮನೆಗೆ ವಾಪಸ್ ಬರತೊಡಗಿತು.

"ಇದರ ಸಹವಾಸ ಸಾಕಾತು. ಯರಗಟ್ಟಿಯವ ಒಬ್ಬ ಕೇಳಾಕತ್ತಾನ, ಕೊಟ್ಟಬಿಡ್ತೇನಿ," ಅಂದ.

ನಾನು ರೊಟ್ಟಿ ಬಿಟ್ಟು ಎದ್ದೆ. ಹೊರಳಾಡಿ ಅತ್ತೆ. "ಒಮ್ಮೆ ಶಿವಪ್ಪ ಮಾಮಾಗ ತೋರಸಪಾ!"

ಶಿವಪ್ಪ ಮಾಮಾ ಬೈಲಹೊಂಗಲದ ಗಾಡಿ ಮಿಸ್ತ್ರಿ. ಕರೆಂಟ್ ಅಳೆಯುವ ಮೀಟರಿನ ಎರಡು ವಾಯರ್ ಬ್ಯಾಟರಿಗೆ ಹಿಡಿದು, ಮೀಟರ್ ನನ್ನ ಕೈಗೇ ಕೊಟ್ಟ. "ಓದ ಅವ್ವಿ, ಎಷ್ಟೈತಿ?"

"ಹನ್ನೆರಡು."

ಗಾಡಿ ಚಾಲೂ ಮಾಡಿ ರೇಸ್ ಕೊಟ್ಟ. "ಈಗ?"

"ಹನ್ನೆರಡ ಐತಿ."

"ಹದಿನಾಲ್ಕಕ್ಕ ಏರಬೇಕಿತ್ತು, ಏರವಲ್ದು." ಇಂಜಿನ್ನಿನ ಕಾಯಿಲ್‌ನಿಂದ ಬರುವ ವಾಯರ್ ಬಿಚ್ಚಿ ಅಳೆದ. "ಕಾಯಿಲ್ ಚಲೋ ಐತ್ರಿ ಅಣ್ಣಾರ. ಕರೆಂಟ್ ಹುಟ್ಟಾಕತ್ತೈತಿ, ಬ್ಯಾಟರಿಗೆ ಮುಟ್ಟವಲ್ದು."

ಆಮೇಲೆ ತುಂಡು ವಾಯರಿನ ಒಂದು ತುದಿ ಯುನಿಟ್ಟಿನ ಮೈಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ ಹಿಡಿದು ಮತ್ತೆ ರೇಸ್ ಕೊಟ್ಟ.

"ಹದಿನಾಲ್ಕು! ಮಾಮಾ, ಹದಿನಾಲ್ಕು!" ಅಂತ ಕುಣಿದೆ.

"ಯುನಿಟ್ಟೂ ಚಲೋ ಐತಿ. ಗಾಡಿ ಮೈಗೆ ತಾಗವಲ್ದು, ಅರ್ಥಿಂಗ್ ಸಿಗವಲ್ದು," ಅನ್ನುತ್ತ ಬೋಲ್ಟ್ ಬಿಚ್ಚಿದ. ಕೆಳಗೆ ದಪ್ಪನೆಯ ಕೆಂಪು ಬಣ್ಣ. "ಯಾರ್ರೀ ಇಲ್ಲಿ ಬಣ್ಣ ಹಚ್ಚಿದವರು? ಇದ ಕರೆಂಟ್ ದಾಟಾಕ ಬಿಡವಲ್ದು."

"ಕಂಪನಿಯವರ ಹಚ್ಚಿರಬೇಕು," ಅಂದ ಅಪ್ಪ, ಬಗ್ಗಿಯೂ ನೋಡದೆ.

"ನಾನ ಹಚ್ಚೇನಿ ಅಪ್ಪಾ. ಮಡ್‌ಗಾರ್ಡಿಗೆ ಹಚ್ಚಿ ಉಳಿದಿತ್ತು."

ಇಬ್ಬರೂ ನನ್ನ ನೋಡಿದರು. ಮೊದಲು ನಕ್ಕವನು ಅಪ್ಪ. ಕಣ್ಣಾಗ ನೀರು ಬರುವಷ್ಟು ನಕ್ಕ. "ಶಿವಪ್ಪಾ, ಎತ್ತಿಗಿಂತ ಇದರ ಹಬ್ಬ ಜೋರಾಗೇತಿ ನೋಡೋ!"

ಮಾಮಾ ಉಸುಕಿನ ಕಾಗದ ಕೊಟ್ಟ. ಕಬ್ಬಿಣ ಹೊಳೆಯುವವರೆಗೆ ತಿಕ್ಕಿದೆ. ಯುನಿಟ್ ಬಿಗಿದ ಮೇಲೆ ಮೀಟರ್ ತಾನೇ ಏರಿತು. ಗಾಡಿ ನಮ್ಮಲ್ಲೇ ಉಳಿಯಿತು. ವಾಪಸ್ ಬರುವಾಗ ದಾರಿ ಉದ್ದಕ್ಕೂ ಹಾರ್ನ್ ಒತ್ತಿದೆ, ಕುರಿ, ಎಮ್ಮಿ, ಯಾರನ್ನೂ ಬಿಡಲಿಲ್ಲ.

ಮೊನ್ನೆ ನನ್ನ ಮಗ ಒದ್ದೆ ಬಟ್ಟೆಯಿಂದ ನನ್ನ ಲ್ಯಾಪ್‌ಟಾಪ್ ಒರೆಸಿಟ್ಟಿದ್ದ. ಅಮ್ಮನ ಕೆಲಸದ ಡಬ್ಬಿ ಸ್ವಚ್ಛ ಇರಲೆಂದು ಪಾಪ. ಅದು ಕೆಟ್ಟು ಕೂತಿದ್ದು ನೋಡಿ ಕೂಗಾಡಿಬಿಟ್ಟೆ. "ನಾ ಅಲ್ಲಮ್ಮಾ," ಅಂದ, ಗ್ವಾಡಿಗೆ ಬೆನ್ನು ಹಚ್ಚಿ ನಿಂತು.

ಎಂಟು ವರ್ಷದ ಹುಡುಗ. ಅವನ ವಯಸ್ಸಿಗೆ ನಾನು ಅಪ್ಪಗ ಒಂದೂ ಸುಳ್ಳು ಹೇಳಿರಲಿಲ್ಲ. ಹೇಳುವ ಪ್ರಸಂಗವನ್ನೇ ಅಪ್ಪ ತಂದಿರಲಿಲ್ಲ.