ಮೇಜರ್ ಆಂಟಿಯ ಶನಿವಾರಗಳು

ಸೀರೆಯ ನೆರಿಗೆ ಬೆನ್ನ ಹಿಂದೆ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಒಂದು ಸೀಟಿ. ದೆಹಲಿಯ ಪೀತಮ್‌ಪುರಾದ ನಮ್ಮ ಬೀದಿ ಅಂಥ ಹೆಂಗಸನ್ನು ಅದುವರೆಗೆ ಕಂಡಿರಲಿಲ್ಲ. ಕೊಡಗಿನವರು ಸೀರೆ ಉಡುವುದೇ ಹಾಗೆಂದು ತಿಳಿಯದ ಎದುರುಮನೆಯ ಪಂಜಾಬಿ ಅಜ್ಜಿ, "ಬೇಟೀ, ಸೀರೆ ಹಿಂದುಮುಂದಾಗಿದೆ" ಎಂದು ಮೊದಲ ದಿನವೇ ಎಚ್ಚರಿಸಿದರಂತೆ. "ಮುಂದಿದ್ರೆ ಕಾಲಿಗೆ ಸಿಕ್ಕಿಕೊಳ್ತದೆ ಮಾತಾಜಿ, ನಂಗೆ ನಡೆಯೋದು ಜಾಸ್ತಿ" ಎಂದು ಇವರು ಹೇಳಿದರಂತೆ. ಅಜ್ಜಿಗೆ ಆ ಉತ್ತರ ಎಷ್ಟು ಹಿಡಿಸಿತೆಂದರೆ ಬೀದಿಗೆಲ್ಲ ಹೇಳಿಕೊಂಡು ಬಂದರು.

ಅವರ ಯಜಮಾನರು ಸೈನ್ಯದಲ್ಲಿ ಮೇಜರ್ ಆಗಿದ್ದು ತೀರಿಕೊಂಡಿದ್ದರು. ಮಗನೂ ಸೈನ್ಯದಲ್ಲೇ, ಎಲ್ಲೋ ಗಡಿಯಲ್ಲಿ. ನಮ್ಮ ಕೆಳಗಿನ ಮನೆಗೆ ಬಾಡಿಗೆಗೆ ಬಂದ ಇವರನ್ನು ಮಕ್ಕಳಿಂದ ಹಿಡಿದು ತರಕಾರಿ ಭಯ್ಯಾನವರೆಗೆ ಎಲ್ಲರೂ ಮೇಜರ್ ಆಂಟಿ ಎಂದೇ ಕರೆಯುತ್ತಿದ್ದರು. ಪಿಂಚಣಿಯಲ್ಲಿ ಊಟಕ್ಕೇನೂ ಕೊರತೆಯಿರಲಿಲ್ಲ. ಆದರೆ ಅವರು ಬದುಕುತ್ತಿದ್ದುದು ಶನಿವಾರಗಳಿಗಾಗಿ.

ಗುಡಗಾಂವ್, ನೋಯ್ಡಾಗಳಲ್ಲಿ ಗಾಜಿನ ಆಫೀಸುಗಳು ಒಂದರ ಮೇಲೊಂದು ಏಳುತ್ತಿದ್ದ ಕಾಲವದು. ಅಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರಲ್ಲಿ ಒಗ್ಗಟ್ಟು ಬರಲಿ ಎಂದು ಕಂಪನಿಗಳು ಆಟ ಆಡಿಸುತ್ತಿದ್ದವು. ಟೀಮ್ ಬಿಲ್ಡಿಂಗ್ ಎಂದು ಅದಕ್ಕೆ ಹೆಸರು. ಮೇಜರ್ ಆಂಟಿ ಅವರನ್ನು ವಿಶ್ವವಿದ್ಯಾಲಯದ ಸುತ್ತಲಿನ ಹಳೇ ಬೀದಿಗಳಿಗೆ, ಅದರ ಬೆನ್ನಿಗಿರುವ ಗುಡ್ಡದ ಕಾಡಿಗೆ ಕರೆತಂದು ಟ್ರೆಷರ್ ಹಂಟ್ ನಡೆಸುತ್ತಿದ್ದರು. ಒಂದು ಸುಳಿವು ಹಿಡಿದು ಮುಂದಿನ ಜಾಗ ಹುಡುಕಬೇಕು, ಅಲ್ಲಿ ಮತ್ತೊಂದು ಸುಳಿವು. ಬ್ರಿಟಿಷರ ಕಾಲದ ಬಂಗಲೆ, ಗುಡ್ಡದ ಮೇಲಿನ ದುಂಡು ಗೋಪುರ, ಪುಸ್ತಕದಂಗಡಿಗಳ ಸಾಲು ಹೀಗೆ ಸುತ್ತಿ ಕೊನೆಗೊಂದು ಬೇವಿನ ಮರದಡಿ ಬಂದು ಸೇರಬೇಕು.

ಮೊದಮೊದಲು ಸುಳಿವುಗಳನ್ನು ಚೀಟಿಯಲ್ಲಿ ಬರೆದು ಮರಕ್ಕೆ ಕಟ್ಟುತ್ತಿದ್ದರಂತೆ. ಆ ಗುಡ್ಡದಲ್ಲಿ ಮನುಷ್ಯರಿಗಿಂತ ಕೋತಿಗಳೇ ಹೆಚ್ಚು. "ಚೀಟಿ ಕಟ್ಟಿದ್ರೆ ಪ್ರತಿ ಸಲ ಕೋತಿಗಳ ಟೀಮೇ ಗೆಲ್ತದೆ ಮಾರಾಯ್ತಿ" ಎನ್ನುತ್ತಿದ್ದರು. ಅದಕ್ಕೇ ಸುಳಿವುಗಳನ್ನು ಮನುಷ್ಯರ ಬಾಯಲ್ಲಿ ಇಟ್ಟರು. ಚಹಾದವನಿಗೊಂದು, ಜೆರಾಕ್ಸ್ ಅಂಗಡಿಯವನಿಗೊಂದು, ಪುಸ್ತಕಕ್ಕೆ ಹೊಲಿಗೆ ಹಾಕುವ ಮುದುಕನಿಗೊಂದು. ಬಂದವರು ನಮಸ್ಕಾರ ಹೇಳಿ, ಎರಡು ಮಾತಾಡಿ, ಆಮೇಲೆ ಕೇಳಿದರೆ ಮಾತ್ರ ಅವರು ಸುಳಿವು ಹೇಳಬೇಕು. "ಜಲ್ದಿ ಬತಾವೋ" ಎಂದು ಗದರಿಸಿದವರಿಗೆ ಚಹಾದವನು ಇನ್ನೊಂದು ಚಹಾ ಮಾಡಿ ಕೊಡುತ್ತಿದ್ದ, ಸುಳಿವು ಕೊಡುತ್ತಿರಲಿಲ್ಲ.

ನನ್ನನ್ನು ಈ ಆಟಕ್ಕೆ ಎಳೆದದ್ದೂ ಅವರೇ. ಮಗಳು ಶಾಲೆಗೆ, ನಮ್ಮ ಯಜಮಾನರು ಆಫೀಸಿಗೆ ಹೋದ ಮೇಲೆ ನನಗೆ ದೇವರ ಮನೆ, ಅಡುಗೆ ಮನೆ ಬಿಟ್ಟರೆ ದೆಹಲಿಯೇ ಇರಲಿಲ್ಲ. ಒಂದು ದಿನ ಮೆಟ್ಟಿಲಲ್ಲಿ ನಿಲ್ಲಿಸಿ ಕೇಳಿದರು.

"ಶನಿವಾರ ನಿಂಗೆಂತ ಕೆಲಸ?"

"ಹನುಮಂತನ ಗುಡಿಗೆ ಹೋಗಬೇಕು ಆಂಟಿ."

"ಗುಡಿಗೆ ಬೆಳಿಗ್ಗೆ ಬೇಗ ಹೋಗಿ ಬಾ. ಆಮೇಲೆ ನನ್ ಜೊತೆ ಬಾ, ಅವನ ಪರಿವಾರಾನೇ ತೋರಿಸ್ತೇನೆ."

ಹಾಗೆ ನಾನು ಬೇವಿನ ಮರದಡಿಯ ಕಟ್ಟೆಯಲ್ಲಿ ಮಜ್ಜಿಗೆ, ಕೋಸಂಬರಿ ಇಟ್ಟುಕೊಂಡು ಕೂರುವವಳಾದೆ. ಓಡಿ ಬಂದವರಿಗೆ ಮಜ್ಜಿಗೆ ಕೊಡುವುದು, ಎಲ್ಲರೂ ಸೇರುವವರೆಗೆ ಕೂರಿಸಿಕೊಳ್ಳುವುದು ನನ್ನ ಕೆಲಸ. ನನ್ನ ಹಿಂದಿ ಕೇಳಿ ಯಾರೂ ನಗಲಿಲ್ಲ, ಬಾಯಾರಿದವರು ಭಾಷೆ ನೋಡುವುದಿಲ್ಲ. ಆ ಕಟ್ಟೆಯಲ್ಲಿ ಕೂತೇ ನಾನು ದೆಹಲಿಯನ್ನು ಕಂಡೆ. ಅದೊಂದು ದೊಡ್ಡ ದಯೆ ಎಂದು ಈಗಲೂ ಎಣಿಸುತ್ತೇನೆ.

ಅವರ ಆಟಕ್ಕೆ ಒಂದೇ ನಿಯಮ. ತಂಡದ ಕಡೆಯ ಮನುಷ್ಯ ಮರ ಮುಟ್ಟಿದಾಗಲೇ ತಂಡ ಬಂದು ಸೇರಿದ ಹಾಗೆ. ಮೊದಲು ಓಡಿ ಬಂದವನು, "ಆಂಟಿ, ನಾನು ಫಸ್ಟ್!" ಎಂದು ಕುಣಿದರೆ, "ಅಚ್ಛಾ, ಒಬ್ಬನೇ ಬಂದ್ಯಾ? ಉಳಿದವರನ್ನು ಮಾರಿಬಿಟ್ಟೆಯಾ?" ಎಂದು ಮತ್ತೆ ಹಿಂದಕ್ಕೆ ಅಟ್ಟುತ್ತಿದ್ದರು. ತಾವು ಮಾತ್ರ ಎಂದೂ ಮುಂದೆ ನಡೆದವರಲ್ಲ. ಎಲ್ಲರೂ ಹೊರಟ ಮೇಲೆ ಹೊರಟು, ದಾರಿಯಲ್ಲಿ ಬಿದ್ದ ಚಿಪ್ಸ್ ಪೊಟ್ಟಣ ಆಯುತ್ತ, ಏದುಸಿರು ಬಿಡುತ್ತ ನಿಂತವರ ಪಕ್ಕದಲ್ಲಿ ತಾವೂ ದಣಿದವರಂತೆ ನಿಲ್ಲುತ್ತ, ಬಾಲದಲ್ಲಿ ಬರುತ್ತಿದ್ದರು.

ಅಮೆರಿಕದ ಬ್ಯಾಂಕುಗಳು ಮುಳುಗಿ ಇಲ್ಲಿನ ಆಫೀಸುಗಳು ನಡುಗುತ್ತಿದ್ದ ವರ್ಷ. ಗುಡಗಾಂವ್‌ನ ಒಂದು ಕಂಪನಿಯವರು ಚಳಿಗಾಲದ ಶುರುವಿನಲ್ಲಿ ಬಂದರು. ಅವರ ಎಚ್.ಆರ್. ಸಾಹೇಬ ಇನ್ನೂ ಚಿಕ್ಕ ವಯಸ್ಸಿನವನು, ತಲೆಯ ಮೇಲೆ ತಂಪು ಕನ್ನಡಕ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಇಂದು ಗೊತ್ತಾಗುತ್ತೆ, ಯಾರು ಡ್ರೈವರ್, ಯಾರು ಸುಮ್ಮನೆ ಕೂತ ಪ್ಯಾಸೆಂಜರ್ ಅಂತ" ಎಂದು ಹಿಂದಿಯಲ್ಲಿ ನಗೆಯಾಡಿದ. ಯಾರೂ ನಗಲಿಲ್ಲ. ಆ ಕಂಪನಿಯಲ್ಲಿ ಕೆಲಸ ಹೋಗುವವರ ಹೆಸರು ಇನ್ನೇನು ತೀರ್ಮಾನವಾಗಲಿದೆ ಎಂದು ಹುಡುಗ ಹುಡುಗಿಯರೆಲ್ಲ ಬಸ್ಸಿನಲ್ಲೇ ಮಾತಾಡಿಕೊಂಡು ಬಂದಿದ್ದರಂತೆ. ಸಾಹೇಬ ಆಟ ಶುರುಮಾಡಿಸಿ ಕಾರಿನಲ್ಲಿ ಕ್ಯಾಂಟೀನಿಗೆ ಹೋದ.

ತಂಡಗಳು ಒಂದೊಂದಾಗಿ ಮರದಡಿ ಬಂದವು. ಎಷ್ಟೋ ಹೊತ್ತಿನ ಮೇಲೆ ಹಸಿರು ಕುರ್ತಾದ ಹುಡುಗಿಯೊಬ್ಬಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಬಂದಳು. ಅವಳ ಹಿಂದೆ ಸ್ವಲ್ಪ ದೂರದಲ್ಲಿ ಮೇಜರ್ ಆಂಟಿ.

ನಾನು ಮಗಳಿಗೆ ಫೋನಿನಲ್ಲಿ ಕನ್ನಡದಲ್ಲಿ ಗದರುತ್ತಿದ್ದುದನ್ನು ಕೇಳಿ ಅವಳ ಮುಖ ಅರಳಿತು. "ಕನ್ನಡದೋರೇನ್ರೀ? ನಂದು ಹುಬ್ಬಳ್ಳಿರಿ. ಸ್ವಲ್ಪ ಕೂಡ್ತೀನ್ರಿ" ಎಂದು ನನ್ನ ಪಕ್ಕದಲ್ಲೇ ಕುಸಿದಳು. ಮಜ್ಜಿಗೆ ಕೊಟ್ಟೆ. ಬಿಸ್ಮಿಲ್ಲಾ ಎಂದು ಮೆಲ್ಲಗೆ ಹೇಳಿ ಒಂದೇ ಉಸಿರಿಗೆ ಕುಡಿದಳು.

"ಎಷ್ಟು ತಿಂಗಳಮ್ಮಾ?" ಎಂದೆ. ಹೆತ್ತವಳ ಕಣ್ಣಿಗೆ ತಿಳಿಯದೇ?

ಅವಳ ಕಣ್ಣು ತುಂಬಿತು. "ನಾಲ್ಕು ಆತ್ರಿ. ಆಫೀಸಿನ್ಯಾಗ ಹೇಳಿಲ್ಲ. ಹೇಳಿದ್ರ ಮೊದಲ ನನ್ ಹೆಸರ ತಗೀತಾರ್ರಿ. ನಮ್ಮನಿಯವರ ಕೆಲಸ ಹೋದ ತಿಂಗಳನ ಹೋಗೇದ. ಹೆರಿಗಿ ಖರ್ಚು ನನ್ ಆಫೀಸಿನ ಇನ್ಶೂರೆನ್ಸ್ ಮ್ಯಾಲೇ ನಿಂತದರಿ. ದಾರ್ಯಾಗ ವಾಂತಿ ಆತು, ಆಂಟಿ ನೋಡಿದ್ರು. ಏನೂ ಕೇಳಲಿಲ್ಲ, ನೀರು ಕೊಟ್ರು."

ಅಷ್ಟರಲ್ಲಿ ಕಾರು ಬಂತು. ಸಾಹೇಬ ಇಳಿದವನೇ ಗೆದ್ದ ತಂಡದ ಫೋಟೊ ತೆಗೆದ. ಆಮೇಲೆ ಸೀದಾ ನನ್ನ ಬಳಿ ಬಂದ.

"ಅಮ್ಮಾಜಿ, ನೀವು ಇಲ್ಲೇ ಕೂತಿದ್ರಲ್ಲ. ಸಬ್ ಸೇ ಲಾಸ್ಟ್ ಯಾರು ಬಂದದ್ದು? ಈ ಗ್ರೀನ್ ಕುರ್ತಾ ಮೇಡಮ್ಮಾ?"

ಇಡೀ ಗುಂಪು ನೆಲ ನೋಡಿತು. ಹುಡುಗಿಯ ಕೈಯಲ್ಲಿ ಖಾಲಿ ಲೋಟ ಹಾಗೇ ನಿಂತಿತ್ತು. ನಾನು ಸುಳ್ಳು ಹೇಳುವವಳಲ್ಲ. ಅದರಲ್ಲೂ ಶನಿವಾರ, ಹಣೆಯ ಮೇಲೆ ಇನ್ನೂ ಗುಡಿಯ ಸಿಂಧೂರ. ಹೌದು ಎಂದರೆ ಒಂದು ಬಸುರಿಯ ಅನ್ನ ಕಿತ್ತ ಪಾಪ, ಅಲ್ಲ ಎಂದರೆ ದೇವರ ಮುಂದೆ ಸುಳ್ಳು. ರಾಮಾ, ಎಂದುಕೊಂಡೆ.

"ಲಾಸ್ಟ್? ಲಾಸ್ಟ್ ಮೈಂ ಆಯೀ" ಎಂದರು ಮೇಜರ್ ಆಂಟಿ. ಶೂ ದಾರ ಬಿಗಿಯುತ್ತ ಬಾಗಿದ್ದವರು ತಲೆ ಕೂಡ ಎತ್ತಲಿಲ್ಲ. "ಬರ್ಕೋ ಬೇಟಾ. ಎಲ್ಲರಿಗಿಂತ ಹಿಂದೆ ಬಂದದ್ದು ನಾನು."

"ನೀವಲ್ಲ ಮ್ಯಾಡಮ್. ನಮ್ಮವರಲ್ಲಿ ಯಾರು? ಹೆಡ್ ಆಫೀಸಿಗೆ ರಿಪೋರ್ಟ್ ಬೇಕು."

ಆಗ ನೆಟ್ಟಗೆ ನಿಂತರು. "ಎಲ್ಲರೂ ಬಂದ್ರಾ ಅಂತ ಕೇಳು, ಹೇಳ್ತೇನೆ. ಯಾರು ಹಿಂದೆ ಬಿದ್ರು ಅಂತ ಹೇಳೋ ಕೆಲಸ ನಾನು ಮಾಡೋದಿಲ್ಲ."

"ಹಾಗಾದರೆ ನಿಮ್ಮನ್ನು ಕರೆಸಿದ್ದು ಯಾಕೆ?"

"ಅದು ನಿಂಗೆ ಗೊತ್ತಿರಬೇಕಪ್ಪ. ರಿಪೋರ್ಟ್ ಬೇಕಿದ್ರೆ ಅಲ್ಲಿ ಮರದ ಮೇಲೆ ಕೂತವರನ್ನು ಕೇಳು, ಬೆಳಗಿಂದ ಎಲ್ಲಾ ನೋಡಿದ್ದಾರೆ."

ಮೇಲೆ ಕೋತಿಯೊಂದು ಹೊಟ್ಟೆ ಕೆರೆದುಕೊಳ್ಳುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ಸಾಹೇಬನ ಕಿವಿ ಕೆಂಪಾಯಿತು. "ಚಲೋ, ಬಸ್" ಎಂದು ಹೊರಟೇಹೋದ.

ಮೆಟ್ರೋದಲ್ಲಿ ಹಿಂದಿರುಗುವಾಗ ಹೇಳಿದೆ. "ನನ್ನನ್ನು ಕಾಪಾಡಿದ್ರಿ ಆಂಟಿ."

"ನೀನು ಹೇಳಿಬಿಡ್ತಿದ್ದೆ. ನಿನ್ನ ಮುಖದಲ್ಲೇ ಹರಿಶ್ಚಂದ್ರ ಕೂತಿದ್ದ."

"ಸುಳ್ಳು ಹೇಗೆ ಹೇಳೋದು?"

"ನಾನೆಲ್ಲಿ ಸುಳ್ಳು ಹೇಳಿದೆ?" ಎಂದು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದರು.

ಆ ಕಂಪನಿ ಮತ್ತೆ ಕರೆಯಲಿಲ್ಲ. ಸಾಹೇಬ ತನ್ನಂಥ ನಾಲ್ಕು ಜನರಿಗೆ ಏನು ಹೇಳಿದನೋ, ಬೇರೆ ಆಫೀಸಿನವರೂ ಒಬ್ಬೊಬ್ಬರೇ ಕರೆಯುವುದು ನಿಲ್ಲಿಸಿದರು. ಶನಿವಾರ ಬೆಳಿಗ್ಗೆ ನಾನು ಗುಡಿಯಿಂದ ಬರುವಾಗ ಅವರು ಶೂ ಹಾಕಿಕೊಂಡು ಸಿದ್ಧರಾಗಿ ಬಾಗಿಲ ಮುಂದಿನ ತುಳಸಿಗೆ ನೀರು ಹಾಕುತ್ತಿರುತ್ತಿದ್ದರು. ಎಲ್ಲಿಗೂ ಹೋಗುವುದಿರಲಿಲ್ಲ. ಪಶ್ಚಾತ್ತಾಪದ ಮಾತು ಮಾತ್ರ ಒಂದು ದಿನವೂ ಅವರ ಬಾಯಲ್ಲಿ ಬರಲಿಲ್ಲ.

ಜನರನ್ನು ತೆಗೆದ ಆ ಸುತ್ತಿನಲ್ಲಿ ಹುಡುಗಿಯ ಕೆಲಸ ಉಳಿಯಿತು. ಅಂದು ನನ್ನ ನಂಬರು ಬರೆದುಕೊಂಡು ಹೋಗಿದ್ದಳು, ಬೇಸಿಗೆ ಏರುವ ಹೊತ್ತಿಗೆ ಆಸ್ಪತ್ರೆಯಿಂದ ಫೋನು ಬಂತು. ನಾನು ಕೆಳಗೆ ಓಡಿ, "ಹೆಣ್ಣುಮಗು ಆಂಟಿ!" ಎಂದೆ. "ತೂಕ ಎಷ್ಟು?" ಎಂದರು, ರೇಷನ್ ಸಕ್ಕರೆಯ ವಿಚಾರ ಕೇಳುವಂತೆ. ಆಮೇಲೆ ಒಳಗೆ ಹೋಗಿ ಎಷ್ಟೋ ಹೊತ್ತು ಹೊರಗೆ ಬರಲಿಲ್ಲ. ಆ ಕಂಪನಿಯ ಶಾಖೆಯೇ ಮುಂದೆ ಮುಚ್ಚಿಹೋಯಿತು. ಮಗು ಬಂದ ಮೇಲೆ ತಾನೇ ಮುಚ್ಚಿದ್ದು ಎಂದು ನಾನು ದೇವರಿಗೆ ಕೈಮುಗಿದೆ.

ಮರುವರ್ಷದ ಚಳಿಯಲ್ಲಿ ಮೇಜರ್ ಆಂಟಿಗೆ ಪಾರ್ಶ್ವವಾಯು ಬಡಿಯಿತು. ಸೈನ್ಯದ ಆಸ್ಪತ್ರೆಯಲ್ಲಿ ಹೆಚ್ಚು ದಿನ ಇರಲಿಲ್ಲ. ಮಗ ಗಡಿಯಿಂದ ಬರುವಷ್ಟರಲ್ಲಿ ಮಾತು ನಿಂತಿತ್ತು, ಆದರೂ ಅವನ ಕೈ ಹಿಡಿದುಕೊಂಡೇ ಹೋದರು. ಅಷ್ಟನ್ನು ದೇವರು ನಡೆಸಿಕೊಟ್ಟ.

ಕ್ರಿಯಾಕರ್ಮಗಳೆಲ್ಲ ಮುಗಿದ ಮೇಲೆ ಹುಬ್ಬಳ್ಳಿಯ ಹುಡುಗಿ ಮಗುವನ್ನೆತ್ತಿಕೊಂಡು ಕೆಳಮನೆಗೆ ಬಂದಳು. ಸಮವಸ್ತ್ರದಲ್ಲಿ ಹೊರಡಲು ನಿಂತಿದ್ದ ಮಗ, ಇವರು ಯಾರು ಎಂಬಂತೆ ನನ್ನ ಮುಖ ನೋಡಿದ. ಬೇವಿನ ಮರದಡಿ ನಡೆದುದನ್ನೆಲ್ಲ ಹೇಳಿದೆ. ನನ್ನ ಬಾಯಿಂದ ಸುಳ್ಳೂ ಬರದಂತೆ, ಇವಳ ಹೆಸರೂ ಬರದಂತೆ ನಿಮ್ಮ ತಾಯಿ ಕಾಯ್ದರು, ಆ ಋಣ ತೀರಿಸಲು ನನಗೆ ದಾರಿ ತಿಳಿಯಲಿಲ್ಲ ಎಂದೆ.

"ನಂಗೆ ಹೇಳಲೇ ಇಲ್ಲ" ಎಂದ ಅವನು. "ಮೊಣಕಾಲು ನೋವು, ಅದಕ್ಕೇ ಆಟ ನಿಲ್ಲಿಸಿದೆ ಅಂದಿದ್ರು."

ಹುಡುಗಿ ಮಗುವನ್ನು ಅವನ ಕೈಗೆ ಕೊಟ್ಟಳು. ಮಗು ಅವನ ಅಂಗಿಯ ಹಿತ್ತಾಳೆ ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದು ಎಳೆಯತೊಡಗಿತು. ಹೊರಗೆ ಜೀಪಿನವನು ಹಾರ್ನ್ ಮಾಡಿದ. ಮಗ ಅಲ್ಲೇ ನಿಂತಿದ್ದ, ಬಿಡಿಸಿಕೊಳ್ಳಲಿಲ್ಲ.