ಭಾವನಿಗೆ ಕೊಟ್ಟ ಕುರ್ಚಿ

ಕಲ್ಲು ಒಡೆಯುವುದು ನನ್ನ ಹೊಟ್ಟೆಪಾಡು. ಪರ್ತ್‌ನಲ್ಲಿ ಗಣಿಗಳಿಗೆ ಜಿಯಾಲಜಿಸ್ಟಾಗಿ ದುಡಿಯುತ್ತಿದ್ದಾಗ ನಾನೇ ಒಂದು ಯಂತ್ರ ಕಟ್ಟಿದೆ. ಎರಡು ಉಕ್ಕಿನ ದವಡೆ, ಒಂದು ಮೋಟರು, ಒಂದು ಬೆಲ್ಟು. ನೆಲ ಕೊರೆದು ತೆಗೆದ ಕಲ್ಲನ್ನು ಬಾಯಿಗೆ ಹಾಕಿದರೆ ಅದಿರಿನ ಪರೀಕ್ಷೆಗೆ ಬೇಕಾದ ಪುಡಿಯಾಗಿ ಕೆಳಗೆ ಬೀಳುತ್ತಿತ್ತು. ದೊಡ್ಡ ಪ್ರಯೋಗಾಲಯಗಳಲ್ಲಿ ಇಂಥವು ಆನೆ ಗಾತ್ರದಲ್ಲಿರುತ್ತವೆ. ನನ್ನದನ್ನು ಯೂಟ್ ಅನ್ನುವ ಸಣ್ಣ ಟ್ರಕ್ಕಿನ ಹಿಂಬದಿಗೆ ಹೇರಿಕೊಂಡು ಕಲ್ಲಿದ್ದ ಜಾಗಕ್ಕೇ ಒಯ್ಯಬಹುದಿತ್ತು. ಅದು ಓಡುವಾಗ ಶೆಡ್ಡಿನ ತಗಡು ನಡುಗುತ್ತಿತ್ತು, ನನ್ನ ಹಲ್ಲಿನ ಬೇರೂ ನಡುಗುತ್ತಿತ್ತು. ಸಿಟ್ಟು ಬಂದಾಗ ಎರಡು ಕಲ್ಲು ಜಾಸ್ತಿ ಹಾಕುತ್ತಿದ್ದೆ. ಸಿಟ್ಟು ನನಗೆ ದಿನಾ ಬರುತ್ತಿತ್ತು.

ಕಂಪನಿ ಅಂತ ಮಾಡಿದಾಗ ಚೇರ್ಮನ್ ಕುರ್ಚಿಯನ್ನು ಭಾವನಿಗೆ ಕೊಟ್ಟೆ. ಭಾವ ಅಂದರೆ ಅಕ್ಕನ ಗಂಡ, ಅಡಿಲೇಡ್‌ನ ಮಾಡ್ಬರಿಯಲ್ಲಿದ್ದ ಸಾಫ್ಟ್‌ವೇರಿನವರು. ಅವರಿಗೂ ಕಲ್ಲಿಗೂ ಎತ್ತಣಿಂದೆತ್ತ ಸಂಬಂಧ! ಆದರೆ ನಮ್ಮ ಮನೆಯಲ್ಲಿ ಏನೇ ಶುರುವಾದರೂ ಮೊದಲ ಮಣೆ ಅಳಿಯನಿಗೆ, ಮೊದಲ ಎಲೆ ಅಳಿಯನಿಗೆ. ಅಪ್ಪ ಅಮ್ಮ ಹೋದ ಮೇಲೆ ಅಕ್ಕನಿಗೆ ತವರು ಅಂತ ಉಳಿದವಳು ನಾನೊಬ್ಬಳೇ. ಮಣೆಯ ಬದಲು ಕುರ್ಚಿ ಹಾಕಿದೆ. ಭಾವ ಆಯುಧಪೂಜೆಗೆ ಬಂದು ಯಂತ್ರದ ಮುಂದೆ ಕುಂಬಳಕಾಯಿ ಒಡೆದು, ಫೋಟೋ ತೆಗೆಸಿಕೊಂಡು ಹೋದರು. ಕಂಪನಿಗೆ ಅವರು ಮಾಡಿದ ಕೆಲಸ ಅಷ್ಟೇ.

ಗಣಿಗಳ ಭರಾಟೆ ಇಳಿದ ವರ್ಷಗಳವು. ಇನ್ನಷ್ಟು ಯಂತ್ರ ಕಟ್ಟಲು ಬಂಡವಾಳ ಬೇಕಿತ್ತು. ಬ್ಯಾಂಕಿನವರು ಎಲೆನ್‌ಬ್ರೂಕ್‌ನ ನನ್ನ ಮನೆಯನ್ನು ಅಡ ಕೇಳಿದರು. ಆ ಮನೆಯೇ ಅವರ ಸಾಲದ್ದು. ಸಿಂಗಾಪುರದಲ್ಲಿ, ಬೆಂಗಳೂರಿನಲ್ಲಿ ಇಂಥ ಸಣ್ಣ ಕಂಪನಿಗಳ ಷೇರು ಕೊಳ್ಳಲು ಜನ ತಯಾರಿದ್ದರು. ಆದರೆ ಒಂದೊಂದು ದೇಶಕ್ಕೂ ಒಂದೊಂದು ಬೇಲಿ. ಒಂದೊಂದು ಬೇಲಿಗೂ ಬೇರೆ ವಕೀಲ, ಬೇರೆ ಆಡಿಟರು. ದೊಡ್ಡವರು ಹಾರಿ ದಾಟುತ್ತಾರೆ, ನಮ್ಮಂಥವರು ಮುಳ್ಳಿಗೆ ಸಿಕ್ಕಿ ಸಾಯುತ್ತೇವೆ. ಬ್ರಿಸ್ಬೇನ್‌ನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ ಒಂದು ಸಂಸ್ಥೆ ಈ ಬೇಲಿಗಳನ್ನು ಕೀಳಲು ಹೊರಟಿತ್ತು. ಅಲ್ಲಿನ ತಪಾಸಣೆಯಲ್ಲಿ ಕಂಪನಿ ಒಮ್ಮೆ ಪಾಸಾದರೆ ಅದೇ ಮಾರ್ಕ್ಸ್‌ಕಾರ್ಡು ಇಲ್ಲಿಯದೂ ಸೇರಿ ಮೂರೂ ದೇಶಗಳಲ್ಲಿ ನಡೆಯಬೇಕು, ಮೂರೂ ಕಡೆಯವರು ಒಟ್ಟಿಗೇ ಷೇರು ಕೊಳ್ಳಬೇಕು. ಅದು ಅವರ ಪ್ರಯೋಗ. ಮೊದಲ ಗುಂಪಿಗೆ ನನ್ನ ಕಂಪನಿಯನ್ನೂ ಆರಿಸಿದರು.

ಬ್ರಿಸ್ಬೇನ್‌ಗೆ ಹೋದೆ. ಕಡತ ನೋಡುತ್ತಿದ್ದ ಅಧಿಕಾರಿ, ನರೆಗೂದಲಿನ ಹೆಂಗಸು, ತಲೆಯೆತ್ತಿ ಕೇಳಿದಳು.

"ನಿಮ್ಮ ಚೇರ್ಮನ್ ಏನು ಕೆಲಸ ಮಾಡ್ತಾರೆ?"

"ನಮ್ಮಕ್ಕನ ಗಂಡ."

"ಅದು ಸಂಬಂಧ. ನಾನು ಕೇಳಿದ್ದು ಕೆಲಸ."

ಸಿಂಗಾಪುರದಲ್ಲಿ ಕೂತು ಷೇರು ಕೊಳ್ಳುವವನು ನಿಮ್ಮ ಶೆಡ್ಡಿಗೆ ಬರುವುದಿಲ್ಲ, ಕುರ್ಚಿಯಲ್ಲಿ ಯಾರ ಹೆಸರಿದೆಯೋ ಅವರೇ ನಡೆಸುತ್ತಾರೆ ಅಂತ ನಂಬುತ್ತಾನೆ, ಇಲ್ಲಿ ಒಂದು ಸುಳ್ಳಾದರೆ ಮೂರೂ ದೇಶಗಳಲ್ಲಿ ಸುಳ್ಳಾಗುತ್ತದೆ ಎಂದಳು. ಮಾತು ಸರಿ ಅನ್ನಿಸಿತು. ಭಾವ ಹೆಸರಿಗಷ್ಟೇ, ಶೆಡ್ಡಿನಲ್ಲಿ ಯಾವ ಕೆಲಸವನ್ನೂ ಮಾಡುವುದಿಲ್ಲ ಅಂತ ಅಲ್ಲೇ ಬರೆದುಕೊಟ್ಟೆ. ಇನ್ನು ಅವರು ರಾಜೀನಾಮೆ ಕೊಟ್ಟರೆ ಮುಗಿಯಿತು.

ಫೋನಿನಲ್ಲಿ ಹೇಳುವ ಮಾತಲ್ಲ ಅಂತ ವಾಪಸ್ ಬರುವಾಗ ಅಡಿಲೇಡ್‌ನಲ್ಲಿ ಇಳಿದೆ. ಬಾಗಿಲಲ್ಲೇ ಅಕ್ಕ ಪಿಸುಗುಟ್ಟಿದಳು. "ಭಾವನ ಕೆಲಸ ಹೋಯ್ತು ಕಣೇ. ಎರಡು ತಿಂಗಳಾಯ್ತು. ಎಲ್ಲರ ಹತ್ರಾನೂ ನಿನ್ನ ಕಂಪನಿ ಚೇರ್ಮನ್ ಅಂತ ಹೇಳ್ಕೊಂಡು ಓಡಾಡ್ತಿದಾರೆ." ಬುದ್ಧಿಯಿದ್ದವರು ಆಗಲೇ ಸುಮ್ಮನಾಗುತ್ತಾರೆ. ನಾನು ಊಟಕ್ಕೆ ಕೂತ ಕೂಡಲೇ ರಾಜೀನಾಮೆಯ ಮಾತು ಹೇಳಿದೆ. ಭಾವ ಒಂದು ಕ್ಷಣ ಅನ್ನವನ್ನೇ ನೋಡಿದರು. ಆಮೇಲೆ ತಟ್ಟೆ ಎತ್ತಿ ಗೋಡೆಗೆ ಬೀಸಿದರು. ಸಾರು ಸೋರಿತು, ತಟ್ಟೆ ಬುಗುರಿ ಹಾಗೆ ಸುತ್ತಿ ಬಿತ್ತು.

"ನೀನೇ ಕೂರಿಸಿ ನೀನೇ ಕುತ್ತಿಗೆ ಹಿಡಿದು ತಳ್ತೀಯಾ?"

"ಮೂರು ದೇಶದೋರು ಕೇಳ್ತಿದಾರೆ ಭಾವ, ನಾನಲ್ಲ."

"ಮೂರು ದೇಶಕ್ಕೆ ನಾನು ಅಳಿಯ ಅಲ್ಲ. ನಿಮ್ಮನೆಗೆ ಅಳಿಯ."

ಮುಂದಿನ ವಾರ ಅಕ್ಕ ಫೋನ್ ಮಾಡಿ ಇಬ್ಬರೂ ಪರ್ತ್‌ಗೆ ಬರ್ತಿದೀವಿ ಅಂದಳು. ಸಹಿ ಹಾಕಲು ಅಂದುಕೊಂಡೆ. ಅವರು ಬಂದ ಮರುದಿನವೇ ಯಂತ್ರ ಓಡುವುದನ್ನು ಮೂರೂ ದೇಶದವರಿಗೆ ವಿಡಿಯೋದಲ್ಲಿ ತೋರಿಸಬೇಕಿತ್ತು. ನಾನು ಕಲ್ಲು ಹಾಕಿ ಪರೀಕ್ಷೆ ಮಾಡುತ್ತಿದ್ದೆ. ಅಕ್ಕನನ್ನು ಕಾರಿನಲ್ಲೇ ಬಿಟ್ಟು ಭಾವ ಒಬ್ಬರೇ ಒಳಗೆ ಬಂದರು.

"ಬ್ರಿಸ್ಬೇನಿಂದ ನನಗೆ ಪತ್ರ ಬಂತು. ನಾನು ಕೆಲಸಕ್ಕೆ ಬಾರದೋನು ಅಂತ ಬರೆದುಕೊಟ್ಟಿದೀಯಂತೆ?"

"ಕೆಲಸ ಮಾಡಲ್ಲ ಅಂತ ಬರೆದೆ. ಸುಳ್ಳಾ?"

ಹೊಡೆದರು. ಕೆನ್ನೆಯ ಒಳಗೆ ಹಲ್ಲು ನಾಟಿ ಬಾಯಿ ಉಪ್ಪಾಯಿತು. ಅಪ್ಪ ಕೂಡ ನನ್ನ ಮೇಲೆ ಕೈ ಎತ್ತಿದವರಲ್ಲ. ನಾನು ಮುಷ್ಟಿ ಕಟ್ಟಿ ಮೂಗಿಗೇ ಕೊಟ್ಟೆ. ಕನ್ನಡಕ ಎರಡಾಯಿತು, ಮೂಗಿನ ಎಲುಬು ಲಟಕ್ಕೆಂದದ್ದು ಆ ಗದ್ದಲದಲ್ಲೂ ಕೇಳಿಸಿತು. ನಿಜ ಹೇಳಬೇಕೆಂದರೆ ಖುಷಿಯಾಯಿತು. ಭಾವ ಮೂಲೆಯಲ್ಲಿದ್ದ ದೊಡ್ಡ ಸುತ್ತಿಗೆ ಎತ್ತಿಕೊಂಡರು. ನನಗೇ ಅಂದುಕೊಂಡು ಹಿಂದೆ ಸರಿದೆ. ಅವರು ಹೋದದ್ದು ಯಂತ್ರದ ಕಡೆ. ಮೊದಲ ಏಟಿಗೆ ಬೆಲ್ಟಿಗೆ ಮುಚ್ಚಿದ್ದ ಜಾಲರಿ ಕಿತ್ತು ಬಂತು. ಎರಡನೆಯ ಏಟಿಗೆ ಕೈ ಎತ್ತಿದಾಗ ನಾನು ಹಿಂದಿನಿಂದ ಅವರ ಅಂಗಿ ಹಿಡಿದು ಜಗ್ಗಿದೆ. ಸುತ್ತಿಗೆ ಜಾರಿತು. ಅವರು ಮುಗ್ಗರಿಸಿ ಬಲಗೈ ಊರಿದರು, ಓಡುತ್ತಿದ್ದ ಬೆಲ್ಟಿನ ಮೇಲೆ.

ಕೆಂಪು ಗುಂಡಿ ಗುದ್ದಿದೆ. ಯಂತ್ರ ನಿಂತ ಮೇಲೆ ಅವರ ಕಿರುಚಾಟ ಕೇಳಿಸಿತು. ಎರಡು ಬೆರಳು ಕಲ್ಲಿನ ಪುಡಿಯಲ್ಲಿ ಬಿದ್ದಿದ್ದವು. ರಕ್ತಕ್ಕೆ ಪುಡಿ ಕೆಸರಾಗುತ್ತಿತ್ತು. ಅಕ್ಕ ಓಡಿ ಬಂದು ದುಪಟ್ಟಾ ಹರಿದು ಕೈಗೆ ಬಿಗಿದಳು. "ಐಸ್ ತಗೊಂಬಾರೇ, ಪಾಪಿ!" ಅಂತ ಕೂಗಿದಳು. ಎದುರಿನ ಸರ್ವೋಗೆ ಓಡಿ, ಪೆಟ್ರೋಲ್ ಪಂಪುಗಳ ಪಕ್ಕದ ಫ್ರೀಜರ್‌ನಿಂದ ಐಸ್ ಚೀಲ ಎಳೆದುಕೊಂಡು ಬಂದೆ. ಬೆರಳುಗಳನ್ನು ಅದರಲ್ಲಿಟ್ಟುಕೊಂಡೇ ಆಸ್ಪತ್ರೆಗೆ ಹೋದೆವು. ಎರಡೂ ಜಜ್ಜಿಹೋಗಿವೆ, ಕೂಡಿಸಲು ಬರುವುದಿಲ್ಲ ಅಂದರು. ಕೋಪದಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತ ಅಜ್ಜಿ ಹೇಳುತ್ತಿದ್ದಳು. ಬೆರಳೂ ಬರುವುದಿಲ್ಲ.

ನರ್ಸ್ ದಡ್ಡಿಯಲ್ಲ. ಅವರ ಮುರಿದ ಮೂಗು ನೋಡಿದಳು, ನನ್ನ ಕೆನ್ನೆಯ ಮೇಲೆ ಮೂಡಿದ್ದ ಬೆರಳಿನ ಗುರುತು ನೋಡಿದಳು. "ಇದು ಹೇಗಾಯ್ತು? ಪೊಲೀಸರನ್ನ ಕರೆಸಬೇಕಾ?" ಅಂತ ಭಾವನನ್ನೇ ಕೇಳಿದಳು. ನಾನು ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕಿ ಕಾಯುತ್ತಿದ್ದವಳು. ಕೇಸಾದರೆ ಅದಕ್ಕೂ ಎಳ್ಳುನೀರು, ಕೆಲಸಕ್ಕೂ ಎಳ್ಳುನೀರು. ಅಕ್ಕ ನೆಲ ನೋಡುತ್ತಿದ್ದಳು.

ಭಾವ ದಿಂಬಿನಿಂದ ತಲೆ ಎತ್ತಿ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು. "ಕೆಲಸದ ಜಾಗದ ಅಪಘಾತ. ನಾನು ಆ ಕಂಪನಿಯ ಚೇರ್ಮನ್. ಯಂತ್ರ ಪರೀಕ್ಷೆ ಮಾಡ್ತಿದ್ದೆ."

ಒಂದೇ ಮಾತಿನಲ್ಲಿ ನನ್ನನ್ನು ಉಳಿಸಿದರು, ನನ್ನ ಕಂಪನಿಯನ್ನು ಸಾಯಿಸಿದರು. ಬೇಕಂತಲೇ ಹಾಗೆ ಹೇಳಿದರೋ, ಅದೊಂದೇ ಅವರಿಗೆ ಉಳಿದಿದ್ದ ಮಾತೋ, ನಾನು ಕೇಳಿಲ್ಲ. ಕೆಲಸದಲ್ಲಿ ಬೆರಳು ಹೋಯಿತು ಅಂದ ಮೇಲೆ ಸುರಕ್ಷತೆಯ ಇನ್‌ಸ್ಪೆಕ್ಟರು ಬಂದು ಶೆಡ್ಡಿಗೆ ಬೀಗ ಹಾಕಿದರು. ಸುದ್ದಿ ಬ್ರಿಸ್ಬೇನಿಗೂ ಮುಟ್ಟಿತು.

ಆ ಅಧಿಕಾರಿಯ ಫೋನ್ ಬಂದಾಗ ನಾವು ಮೂವರೂ ನನ್ನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಅಕ್ಕ ಮೊಸರನ್ನ ಕಲಸಿ ಭಾವನಿಗೆ ತುತ್ತು ಕೊಡುತ್ತಿದ್ದಳು. ಫೋನ್ ಸ್ಪೀಕರಿನಲ್ಲಿತ್ತು.

"ನೀವು ಬರೆದುಕೊಟ್ಟದ್ದು ಒಂದು, ಅವರು ಹೇಳ್ತಿರೋದು ಇನ್ನೊಂದು" ಅಂದಳು. "ಅವರು ಹೊರಗಿನವರು, ಕೇಳದೆ ಯಂತ್ರ ಮುಟ್ಟಿದರು ಅಂತ ನೀವು ಇನ್‌ಸ್ಪೆಕ್ಟರಿಗೆ ಹೇಳೋದಾದ್ರೆ ನಿಮ್ಮ ಕಡತ ನನ್ನ ಮೇಜಿನ ಮೇಲೇ ಇರುತ್ತೆ. ಕೆಲಸದಲ್ಲಿದ್ದರು ಅಂದ್ರೆ ನಾನು ನಿಮ್ಮನ್ನ ಮೂರು ದೇಶದ ಮುಂದೆ ನಿಲ್ಲಿಸೋಕಾಗಲ್ಲ. ಯಾವುದು ನಿಜ?"

ಹೊರಗಿನವರು. ಆ ಪದ ಕೇಳಿ ಅಕ್ಕನ ಕೈ ತಟ್ಟೆಯ ಮೇಲೇ ನಿಂತಿತು. ಭಾವ ಬಾಯಲ್ಲಿದ್ದ ತುತ್ತನ್ನು ನುಂಗದೆ ನನ್ನ ಮುಖ ನೋಡಿದರು. ಸುತ್ತಿಗೆ ಹಿಡಿದಾಗ ಇಲ್ಲದ ಹೆದರಿಕೆ ಆ ಕಣ್ಣಲ್ಲಿತ್ತು.

"ಅವರು ನಮ್ಮ ಚೇರ್ಮನ್" ಅಂದೆ. "ಕೆಲಸ ಮಾಡ್ತಿದ್ರು."

ಫೋನ್ ಇಟ್ಟೆ. ಯಂತ್ರವನ್ನು ಆಮೇಲೆ ಗುಜರಿಯವನು ಒಯ್ದ. ಅದನ್ನು ನೆನೆದರೆ ಭಾವನ ಇನ್ನೊಂದು ಕೈಯನ್ನೂ ಮುರಿಯಬೇಕು ಅನ್ನುವಷ್ಟು ಸಿಟ್ಟು ನನಗೆ ಇವತ್ತಿಗೂ ಬರುತ್ತದೆ. ಪ್ರತಿ ದೀಪಾವಳಿಗೆ ಮಾಡ್ಬರಿಗೆ ಹೋಗುತ್ತೇನೆ. ಮೊದಲ ಎಲೆ ಅವರಿಗೇ ಹಾಕುತ್ತೇನೆ, ಮತ್ತು ಅವರು ಉಳಿದ ಮೂರು ಬೆರಳಲ್ಲಿ ಅನ್ನ ಕಲಸಿ ಮುಗಿಸುವ ತನಕ ಎದುರಿಗೇ ಕೂತಿರುತ್ತೇನೆ.